ವಾಣಿಜ್ಯ ವಿದ್ಯೆಯೂ ಕೋಲಾರದ ಮಂಜುನಾಥನೂ

ನಮ್ಮ ಹೊಸಪೇಟೆ, ಸಂಡೂರು, ಕಂಪ್ಲಿಗಳ ಗೃಹಸ್ಥರು ಕೂಡಿದಲ್ಲಿ ಮಕ್ಕಳ ವಿದ್ಯಾಭ್ಯಾಸದ ಮಾತು ಬಂದರೆ ಎಂ.ಬಿ.ಎ. ಎಂಬ ಮೂರಕ್ಷರವು ಈಚೆಗೆ ತಪ್ಪದೆ ಕೇಳಿಬರುತ್ತದೆ. ಡಾಕ್ಟರು, ಇಂಜನಿಯರು, ವಕೀಲರು ಏನು ಮಾಡುವರೆಂಬುದು ಎಲ್ಲರಿಗೂ ತಿಳಿದಿದೆ. ಎಂ.ಬಿ.ಎ. ಓದಿದವನು ಮುಂದೆ ಏನು ಮಾಡುವನೆಂದು ಕೇಳಿದರೆ ಮಾತ್ರ, ದೊಡ್ಡ ಕಂಪನಿಯಲ್ಲಿ ದೊಡ್ಡ ಕೆಲಸ ಎಂಬುದಕ್ಕಿಂತ ಹೆಚ್ಚಿನ ಉತ್ತರ ದೊರೆಯುವುದು ಅಪರೂಪ. ಸಂಬಳವೆಷ್ಟು ಎಂಬ ಪ್ರಶ್ನೆಗೆ ಉತ್ತರವು ಸಿದ್ಧವಾಗಿಯೇ ಇರುತ್ತದೆ. ಸಂಬಳವನ್ನು ವಿಚಾರಿಸುವುದು ತಪ್ಪಲ್ಲ; ಸಾಲ ಮಾಡಿ ಓದಿಸುವ ತಂದೆಯು ಅದನ್ನು ಕೇಳದೆ ಇನ್ನೇನನ್ನು ಕೇಳಬೇಕು? ಆದರೂ ಆ ಶಾಲೆಗಳಿಂದ ಹೊರಬಿದ್ದವರು ಮುಂದೆ ಏನಾದರು, ಅವರ ಹೆಸರಿನಲ್ಲಿ ಲೋಕಕ್ಕೆ ಏನು ಉಳಿಯಿತು ಎಂಬುದನ್ನೂ ಒಮ್ಮೆ ವಿಚಾರಿಸಿ ನೋಡುವುದು ಒಳ್ಳೆಯದು. ಈ ತಿಂಗಳ ಲೇಖನಕ್ಕೆ ಅದೇ ವಿಷಯ.

ವ್ಯಾಪಾರಿಯ ಉತ್ತರಜೀವನವೆಂಬುದು ನಮ್ಮ ಸೀಮೆಗೆ ಹೊಸ ಮಾತಲ್ಲ. ಹಂಪೆಯಲ್ಲಿ ವಿಜಯವಿಠ್ಠಲನ ಗುಡಿಯ ಸಮೀಪ, ತುಂಗಭದ್ರೆಯ ದಡದಲ್ಲಿ, ಪುರಂದರ ಮಂಟಪವಿದೆ. ಶ್ರೀನಿವಾಸನಾಯಕನೆಂಬ ಸಾಹುಕಾರನು ಹೆಂಡತಿಯ ಮೂಗುತಿಯ ಪ್ರಸಂಗದಿಂದ ಕಣ್ತೆರೆದು, ಇದ್ದುದೆಲ್ಲವನ್ನೂ ದಾನಮಾಡಿ, ವ್ಯಾಸರಾಯರ ಶಿಷ್ಯನಾಗಿ ಪುರಂದರದಾಸನಾದ ಕಥೆಯನ್ನು ನಮ್ಮ ಮನೆಗಳ ಅಜ್ಜಿಯರು ಹೇಳಿಕೊಂಡು ಬಂದಿದ್ದಾರೆ. ಆ ಗುಡಿಯ ನೆರೆಯಲ್ಲಿಯೇ ರಾಯರ ತುಲಾಭಾರದ ಕಲ್ಗಂಬಗಳು ನಿಂತಿವೆ: ಎರಡು ಕಂಬ, ಮೇಲೊಂದು ತೊಲೆ, ತಕ್ಕಡಿಯನ್ನು ತೂಗುಹಾಕಲು ತೊಲೆಯ ಕೆಳಗೆ ಮೂರು ಬಳೆಗಳು. ಅರಸನನ್ನು ಬಂಗಾರದಿಂದ ತೂಗಿ ಅದನ್ನು ದಾನಮಾಡುತ್ತಿದ್ದರೆಂದು ಪ್ರತೀತಿ. ಪುರಂದರದಾಸರ ಕಥೆಯು ಎಷ್ಟು ಮಹತ್ತಾದುದಾದರೂ ಅದರಲ್ಲಿ ಗೃಹಸ್ಥನಿಗೆ ಒಂದು ತೊಡಕುಂಟು. ಅಲ್ಲಿ ಸಾಹುಕಾರನು ಒಳ್ಳೆಯವನಾಗುವುದು ಅಂಗಡಿಯನ್ನು ಬಿಟ್ಟ ಮೇಲೆ. ಎಲ್ಲರೂ ತಂಬೂರಿ ಹಿಡಿದು ಹೊರಟರೆ ಅಂಗಡಿಯಲ್ಲಿ ಕುಳಿತುಕೊಳ್ಳುವವರು ಯಾರು? ವ್ಯಾಪಾರದ ಒಳಗೇ ಇದ್ದುಕೊಂಡು ತಕ್ಕಡಿಯನ್ನು ಸರಿಯಾಗಿ ಹಿಡಿಯುವುದು ಸಾಧ್ಯವೇ, ಹಿಡಿದರೆ ಏನಾಗುತ್ತದೆ ಎಂಬುದೇ ನಮ್ಮಂಥವರ ಪ್ರಶ್ನೆ.

ವಾಣಿಜ್ಯವನ್ನು ಶಾಲೆಯಲ್ಲಿ ಕಲಿಸುವ ಪದ್ಧತಿಯು ನಮ್ಮ ದೇಶಕ್ಕೆ ಬಂದು ನೂರು ವರುಷಗಳ ಮೇಲಾಯಿತು. ಮುಂಬಯಿಯ ಸಿಡನ್‌ಹ್ಯಾಂ ಕಾಲೇಜು 1913ರಲ್ಲಿ ಆರಂಭವಾಯಿತು. ಸ್ವಾತಂತ್ರ್ಯಾನಂತರ ಸರಕಾರವೇ ಮುಂದೆ ಬಂದು, 1961ರಲ್ಲಿ ಕಲಕತ್ತೆ ಮತ್ತು ಅಹಮದಾಬಾದುಗಳಲ್ಲಿ, 1973ರಲ್ಲಿ ನಮ್ಮ ಬೆಂಗಳೂರಿನಲ್ಲಿ, 1984ರಲ್ಲಿ ಲಖನೌದಲ್ಲಿ, ಐ.ಐ.ಎಂ. ಎಂದು ಎಲ್ಲರೂ ಕರೆಯುವ ದೊಡ್ಡ ಸಂಸ್ಥೆಗಳನ್ನು ತೆರೆಯಿತು. ಅಹಮದಾಬಾದಿನ ಶಾಲೆಯು ಅಮೆರಿಕದ ಹಾರ್ವರ್ಡ್ ವಿದ್ಯಾಪೀಠದ ನೆರವಿನಿಂದ ರೂಪುಗೊಂಡಿತು. ಈ ಶಾಲೆಗಳಲ್ಲಿ ಓದಿ ಕೀರ್ತಿವಂತರಾದ ಕನ್ನಡ ನಾಡಿನವರು ಹಲವರಿದ್ದಾರೆ. ಮಂಗಳೂರಿನಲ್ಲಿ 1947ರಲ್ಲಿ ಹುಟ್ಟಿದ ಕೆ. ವಿ. ಕಾಮತರು ಸುರತ್ಕಲ್ಲಿನಲ್ಲಿ ಇಂಜನಿಯರಿಂಗ್ ಮುಗಿಸಿ, ಅಹಮದಾಬಾದಿನಿಂದ 1971ರಲ್ಲಿ ಹೊರಬಂದು, ಐ.ಸಿ.ಐ.ಸಿ.ಐ. ಸಂಸ್ಥೆಯನ್ನು ಸೇರಿ, 1996ರಿಂದ 2009ರವರೆಗೆ ಅದರ ಮುಖ್ಯಾಧಿಕಾರಿಯಾಗಿದ್ದರು. ಬಳಿಕ ಐದು ರಾಷ್ಟ್ರಗಳು ಕೂಡಿ ಶಾಂಘೈಯಲ್ಲಿ ಸ್ಥಾಪಿಸಿದ ಹೊಸ ಅಭಿವೃದ್ಧಿ ಬ್ಯಾಂಕಿಗೆ 2015ರಿಂದ 2020ರವರೆಗೆ ಮೊದಲ ಅಧ್ಯಕ್ಷರಾದರು. ತಂದೆತಾಯಿಗಳು ಮಗನನ್ನು ಆ ಶಾಲೆಗೆ ಕಳುಹಿಸುವಾಗ ಮನಸ್ಸಿನಲ್ಲಿರುವ ಚಿತ್ರವು ಇಂಥದೇ. ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಆದರೆ ನಾನು ಹೇಳಹೊರಟಿರುವುದು ಇನ್ನೊಬ್ಬ ವಿದ್ಯಾರ್ಥಿಯ ಸಂಗತಿ. ಆತನ ಉದ್ಯೋಗಜೀವನವು ಮೂರು ವರುಷವೂ ನಡೆಯಲಿಲ್ಲ.

ಆತನ ಹೆಸರು ಷಣ್ಮುಗಂ ಮಂಜುನಾಥ. ಮನೆಯ ಹುಡುಗನೊಬ್ಬನ ವಿಷಯವನ್ನು ಹೇಳುವಂತೆ ಏಕವಚನದಲ್ಲಿಯೇ ಬರೆಯುತ್ತೇನೆ. ವಾಚಕರು ಅನ್ಯಥಾ ಭಾವಿಸಬಾರದು. ಹುಟ್ಟಿದ್ದು 1978ರಲ್ಲಿ, ಬೆಳೆದದ್ದು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ. ಆ ಊರಿನ ಸ್ಥಿತಿಯನ್ನು ಸಂಡೂರಿನವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಆಳವಾಗಿ ಇಳಿದು ಚಿನ್ನವನ್ನು ತೆಗೆದ ಗಣಿಗಳು ಅವು. ಚಿನ್ನವು ತೆಳುವಾಗುತ್ತ ಬಂದು, ಖರ್ಚು ಹೆಚ್ಚುತ್ತ ಹೋಗಿ, 2001ರ ಫೆಬ್ರುವರಿಯ ಕೊನೆಯಲ್ಲಿ ಮುಚ್ಚಿಹೋದವು. ನೆಲದ ಸಂಪತ್ತನ್ನು ನಂಬಿದ ಊರಿನಲ್ಲಿ ಮಕ್ಕಳಿಗೆ ಕೊಡಬಹುದಾದ ಆಸ್ತಿಯೆಂದರೆ ವಿದ್ಯೆಯೊಂದೇ ಎಂದು ಅಲ್ಲಿಯವರು ಕಷ್ಟದಿಂದ ಕಲಿತರು. ಮಂಜುನಾಥನು ಮೈಸೂರಿನ ಜಯಚಾಮರಾಜೇಂದ್ರ ಇಂಜನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಶಾಸ್ತ್ರವನ್ನು ಓದಿ, ಲಖನೌದ ಐ.ಐ.ಎಂ.ಗೆ ಪ್ರವೇಶ ಪಡೆದು, 2003ರಲ್ಲಿ ಅಲ್ಲಿಯ ಪದವಿಯನ್ನು ಪಡೆದನು. ಇಂಡಿಯನ್ ಆಯಿಲ್ ಕಾರ್ಪೊರೇಷನ್ನಿನಲ್ಲಿ ಮಾರಾಟದ ಅಧಿಕಾರಿಯ ಕೆಲಸ ದೊರೆಯಿತು. ಕೆಲಸವು ಉತ್ತರ ಪ್ರದೇಶದಲ್ಲಿ.

ಮಾರಾಟದ ಅಧಿಕಾರಿಯೆಂದರೆ ಸಾಮಾನನ್ನು ಹೊಗಳಿ ಮಾರುವವನೆಂದು ಕೆಲವರು ತಿಳಿಯಬಹುದು. ಎಣ್ಣೆಯ ಕಂಪನಿಯಲ್ಲಿ ಹಾಗಲ್ಲ. ಪೆಟ್ರೋಲ್ ಬಂಕುಗಳಲ್ಲಿ ಬಹುಪಾಲು ನಡೆಯುವುದು ಖಾಸಗಿ ಡೀಲರುಗಳ ಕೈಯಲ್ಲಿ. ಅಧಿಕಾರಿಯು ಹೇಳದೆ ಕೇಳದೆ ಹೋಗಿ, ದಾಸ್ತಾನನ್ನು ಅಳೆದು, ಲೆಕ್ಕದ ಪುಸ್ತಕದೊಡನೆ ತಾಳೆನೋಡಿ, ಎಣ್ಣೆಯ ಸಾಂದ್ರತೆಯನ್ನು ಪರೀಕ್ಷಿಸಿ, ಅನುಮಾನ ಬಂದರೆ ಮಾದರಿಯನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳುಹಿಸಬೇಕು. ದೋಷವು ಕಂಡುಬಂದರೆ ಬಂಕಿನ ಮಾರಾಟವನ್ನು ನಿಲ್ಲಿಸಬೇಕು. ಹೇಳಲು ಸುಲಭ. ಮೊಹರು ಹಾಕುವ ಕೈ ಒಬ್ಬ ಹೊರಗಿನ ತರುಣನದು. ಮೊಹರು ಬೀಳುವುದು ಆ ಊರಿನ ಪ್ರಬಲನೊಬ್ಬನ ಗಳಿಕೆಯ ಮೇಲೆ.

ಗಳಿಕೆ ಎಷ್ಟು ಎಂಬುದನ್ನು ಗೃಹಸ್ಥರು ತಾವೇ ಲೆಕ್ಕಹಾಕಬಹುದು. 2005ರಲ್ಲಿ ದಿಲ್ಲಿಯಲ್ಲಿ ಪಡಿತರದ ಸೀಮೆಎಣ್ಣೆಯು ಲೀಟರಿಗೆ ಸುಮಾರು 9 ರೂಪಾಯಿ, ಡೀಸೆಲು ಸುಮಾರು 30 ರೂಪಾಯಿ. ನಡುವಿನ ಅಂತರವು ಇಪ್ಪತ್ತೊಂದು ರೂಪಾಯಿ. ಸಾವಿರ ಲೀಟರು ಸೀಮೆಎಣ್ಣೆಯನ್ನು ಡೀಸೆಲಿನಲ್ಲಿ ಬೆರೆಸಿದರೆ ಇಪ್ಪತ್ತು ಸಾವಿರಕ್ಕೆ ಮೇಲ್ಪಟ್ಟು. ಪಡಿತರದವನಿಗೂ ಲಾರಿಯವನಿಗೂ ಪಾಲು ಕೊಟ್ಟ ಮೇಲೂ ಕೈಯಲ್ಲಿ ದೊಡ್ಡ ಮೊತ್ತವೇ ಉಳಿಯುವುದು. ಎರಡೂ ಒಂದೇ ಕಚ್ಚಾತೈಲದ ಮಕ್ಕಳಾದುದರಿಂದ ಕಣ್ಣಿಗೆ ಬೇಗ ಗೊತ್ತಾಗುವುದಿಲ್ಲ. ಪಡಿತರದ ಎಣ್ಣೆಗೆ ನೀಲಿಬಣ್ಣವನ್ನು ಹಾಕಿ ಗುರುತಿಟ್ಟದ್ದು ಈ ಕಾರಣಕ್ಕಾಗಿಯೇ. ಆದರೆ ಬಣ್ಣವನ್ನು ತೆಗೆಯುವ ವಿದ್ಯೆಯನ್ನೂ ಕಳ್ಳರು ಕಲಿತರು. ಹೀಗೆ ಬಡವರ ಮನೆಯ ದೀಪಕ್ಕೂ ಒಲೆಗೂ ಸರಕಾರವು ಅಗ್ಗದಲ್ಲಿ ಕೊಟ್ಟ ಎಣ್ಣೆಯು ಲಾರಿಗಳ ಹೊಟ್ಟೆಯನ್ನು ಸೇರುತ್ತಿತ್ತು. ಹಳ್ಳಿಯ ಗುಡಿಸಲಿನಲ್ಲಿ ಕತ್ತಲೆ, ಕಂಪ್ಲಿಯ ಗದ್ದೆಯಲ್ಲಾಗಲಿ ಲಖೀಂಪುರದ ಕಬ್ಬಿನ ಹೊಲದಲ್ಲಾಗಲಿ ಟ್ರ್ಯಾಕ್ಟರು ಕೆಟ್ಟು ನಿಲ್ಲುವ ರೈತ, ಕೆಮ್ಮು ತರುವ ಹೊಗೆ: ಕಲಬೆರಕೆಯ ನಷ್ಟವು ಹೀಗೆ ಹಂಚಿಹೋಗುತ್ತದೆ. ಹಂಚಿಹೋಗುವುದರಿಂದಲೇ ಯಾರೊಬ್ಬರೂ ಎದ್ದು ಕೂಗುವುದಿಲ್ಲ.

ಲಖೀಂಪುರ ಖೇರಿಯು ನೇಪಾಳದ ಗಡಿಗೆ ಹತ್ತಿಕೊಂಡ, ಕಬ್ಬು ಬೆಳೆಯುವ ಜಿಲ್ಲೆ. ಅಲ್ಲಿ ಗೋಲಾ ಗೋಕರ್ಣನಾಥ ಎಂಬ ಊರಿದೆ. ನಮ್ಮ ಕಡಲತೀರದ ಗೋಕರ್ಣದಂತೆಯೇ ಅಲ್ಲಿಯೂ ಶಿವಲಿಂಗವಿದ್ದು, ರಾವಣನು ಅದನ್ನು ಕೆಳಗಿಟ್ಟ ಕಥೆಯನ್ನೇ ಅಲ್ಲಿಯವರೂ ಹೇಳುತ್ತಾರೆ. ಆ ಜಿಲ್ಲೆಯ ಎರಡು ಬಂಕುಗಳಲ್ಲಿ ಕಲಬೆರಕೆಯನ್ನು ಕಂಡು ಮಂಜುನಾಥನು ಮೂರು ತಿಂಗಳು ಮಾರಾಟವನ್ನು ಮುಚ್ಚಿಸಿದನು. ಆದರೆ ಒಂದು ತಿಂಗಳು ಕಳೆಯುವುದರೊಳಗೆ ಅಲ್ಲಿ ಮತ್ತೆ ವ್ಯಾಪಾರ ಆರಂಭವಾಯಿತು. 2005ರ ನವೆಂಬರ್ 19ರಂದು ಆತನು ಪುನಃ ತಪಾಸಣೆಗೆಂದು ಹೋದನು. ಮಗನಿಂದ ಮೂರು ದಿನಗಳಿಂದ ಸುದ್ದಿಯಿಲ್ಲದೆ ಕಳವಳಗೊಂಡಿದ್ದ ತಂದೆಯವರು ಆ ರಾತ್ರಿ ಮೊಬೈಲಿಗೆ, ಹೇಗಿದ್ದೀಯೆ ಎಂದು ಒಂದು ಸಾಲು ಬರೆದು ಕಳುಹಿಸಿದರು. ಉತ್ತರ ಬರಲಿಲ್ಲ. ಗೋಲಾ ಗೋಕರ್ಣನಾಥದಲ್ಲಿ ಆತನನ್ನು ಗುಂಡಿಕ್ಕಿ ಕೊಂದಿದ್ದರು. ಕನಿಷ್ಠಪಕ್ಷ ಆರು ಗುಂಡುಗಳು ಹೊಕ್ಕಿದ್ದ ಶರೀರವು ಆತನದೇ ಕಾರಿನ ಹಿಂದಿನ ಆಸನದಲ್ಲಿ ಸಿಕ್ಕಿತು. ಕಾರನ್ನು ನಡೆಸುತ್ತಿದ್ದವರು ಬಂಕಿನ ಇಬ್ಬರು ನೌಕರರು. ಆಗ ಮಂಜುನಾಥನಿಗೆ ವಯಸ್ಸು 27.

ಇಲ್ಲಿಗೆ ನಿಲ್ಲಿಸಿ ಕಣ್ಣೊರೆಸಿಕೊಳ್ಳುವವರು ಬಹಳ. ನನಗೆ ಹೆಚ್ಚು ಮುಖ್ಯವಾಗಿ ತೋರುವುದು ಆ ಬಳಿಕ ನಡೆದ ಸಂಗತಿ. ನಮ್ಮ ದೇಶದಲ್ಲಿ ಇಂಥ ಕೊಲೆಯ ಮೊಕದ್ದಮೆಗಳು ಸಾಯುವುದು ತೀರ್ಪಿನಿಂದಲ್ಲ, ಕಾಲಹರಣದಿಂದ. ಸಾಕ್ಷಿಗಳು ಮರೆಯುತ್ತಾರೆ, ಹೆದರುತ್ತಾರೆ, ಊರು ಬಿಡುತ್ತಾರೆ. ಪತ್ರಿಕೆಗಳು ಬೇರೆ ಸುದ್ದಿಯನ್ನು ಹಿಡಿಯುತ್ತವೆ. ಕೋಲಾರದ ಒಂದು ಸಂಸಾರವು ಎರಡು ಸಾವಿರ ಕಿಲೋಮೀಟರು ದೂರದ, ಭಾಷೆ ಬೇರೆಯಾದ ಜಿಲ್ಲೆಯ ನ್ಯಾಯಾಲಯಕ್ಕೆ ವಾಯಿದೆ ವಾಯಿದೆಗೂ ಹೋಗಿಬರುವುದೆಂತು? ಆಗ ಮುಂದೆ ಬಂದವರು ಆತನ ಸಹಪಾಠಿಗಳು ಮತ್ತು ಇತರ ಐ.ಐ.ಎಂ.ಗಳ ಹಳೆಯ ವಿದ್ಯಾರ್ಥಿಗಳು. ಅವರಲ್ಲಿ ಅನೇಕರು ಮಂಜುನಾಥನ ಮುಖವನ್ನೇ ಕಂಡವರಲ್ಲ. ಆತನ ಹೆಸರಿನಲ್ಲಿ ಒಂದು ನ್ಯಾಸವನ್ನು ಸ್ಥಾಪಿಸಿ, ಹಣ ಕೂಡಿಸಿ, ಮೊಕದ್ದಮೆಯ ಬೆನ್ನುಹತ್ತಿದರು. 2007ರ ಮಾರ್ಚ್ 26ರಂದು ಸೆಷನ್ಸ್ ನ್ಯಾಯಾಲಯವು ಎಂಟು ಮಂದಿಯನ್ನು ಅಪರಾಧಿಗಳೆಂದು ನಿರ್ಣಯಿಸಿ, ಮುಖ್ಯ ಅಪರಾಧಿಗೆ ಮರಣದಂಡನೆಯನ್ನೂ ಉಳಿದ ಏಳು ಮಂದಿಗೆ ಜೀವಾವಧಿ ಶಿಕ್ಷೆಯನ್ನೂ ವಿಧಿಸಿತು. 2009ರ ಡಿಸೆಂಬರಿನಲ್ಲಿ ಅಲಹಾಬಾದ್ ಹೈಕೋರ್ಟು ಮರಣದಂಡನೆಯನ್ನು ಜೀವಾವಧಿಗೆ ಇಳಿಸಿ, ಇಬ್ಬರನ್ನು ಬಿಡುಗಡೆ ಮಾಡಿತು. ಉಳಿದ ಆರು ಮಂದಿಯ ಶಿಕ್ಷೆಯನ್ನು ಸುಪ್ರೀಂ ಕೋರ್ಟು 2015ರಲ್ಲಿ ಎತ್ತಿಹಿಡಿಯಿತು. ಹತ್ತು ವರುಷ ಹಿಡಿಯಿತು, ಆದರೂ ಮುಗಿಯಿತು.

ಕಾಗದಪತ್ರಗಳನ್ನು ಕ್ರಮವಾಗಿಡುವುದು, ಯಾವ ಕೆಲಸವನ್ನು ಯಾರು ಯಾವ ದಿನದೊಳಗೆ ಮಾಡಬೇಕೆಂದು ಗೊತ್ತುಪಡಿಸುವುದು, ಹಣದ ಲೆಕ್ಕವನ್ನಿಡುವುದು, ಬೇಸರಪಡದೆ ಮತ್ತೆ ಮತ್ತೆ ವಿಚಾರಿಸುವುದು ಇವೆಲ್ಲ ವಾಣಿಜ್ಯಶಾಲೆಯಲ್ಲಿ ಕಲಿಸುವ ವಿದ್ಯೆಗಳೇ. ಸಾಬೂನು ಮಾರುವುದಕ್ಕೆ ಕಲಿತ ಆ ಕೌಶಲವನ್ನು ಸತ್ತ ಗೆಳೆಯನ ನ್ಯಾಯಕ್ಕಾಗಿ ಹತ್ತು ವರುಷ ಬಳಸಬಹುದೆಂದು ಇವರು ತೋರಿಸಿಕೊಟ್ಟರು. ಒಂದು ಶಾಲೆಯ ಹಳೆಯ ವಿದ್ಯಾರ್ಥಿಗಳ ಬಗ್ಗೆ ನಾನು ಕೇಳಿದ ಸಂಗತಿಗಳಲ್ಲಿ ಇದಕ್ಕಿಂತ ಗೌರವದ್ದು ಇನ್ನೊಂದಿಲ್ಲ. ವರ್ಷಕ್ಕೊಮ್ಮೆ ಒಂದೆಡೆ ಸೇರಿ ಊಟಮಾಡಿ ಚಿತ್ರ ತೆಗೆಸಿಕೊಳ್ಳುವ ಸಂಘಗಳು ನಮ್ಮಲ್ಲಿ ಎಷ್ಟಿಲ್ಲ!

ಈ ಕಥೆಯನ್ನು ನಮ್ಮ ಮನೆಯಲ್ಲಿ ಹೇಳಿದಾಗ ಹಿರಿಯರೊಬ್ಬರು ನೇರವಾಗಿ ಕೇಳಿದರು: 'ಅಷ್ಟು ಓದಿದ ಹುಡುಗ, ಅಲ್ಲಿಂದ ವರ್ಗ ಮಾಡಿಸಿಕೊಂಡು ಬರಬಾರದಾಗಿತ್ತೇ?' ಈ ಮಾತನ್ನು ಹೇಡಿತನವೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪಲಿಲ್ಲ. ಮಕ್ಕಳನ್ನು ಹೆತ್ತವರ ಮಾತು ಅದು. ನನ್ನ ಅಭಿಪ್ರಾಯವಿಷ್ಟೆ: ಹುಡುಗನು ಏಕೆ ಹೋದನೆಂದು ಕೇಳುವ ಮೊದಲು, ಆತನೊಬ್ಬನೇ ಏಕೆ ಹೋಗಬೇಕಾಯಿತೆಂದು ಕೇಳಬೇಕು. ಒಮ್ಮೆ ಮುಚ್ಚಿಸಿದ ಬಂಕು ಅವಧಿಗೆ ಮುನ್ನವೇ ಹೇಗೆ ತೆರೆಯಿತು? ಹಗೆ ಕಟ್ಟಿಕೊಂಡ ಜಾಗಕ್ಕೆ ಎರಡನೆಯ ಸಲ ಹೋಗುವವನ ಜೊತೆಗೆ ಇನ್ನೊಬ್ಬ ಅಧಿಕಾರಿಯಾಗಲಿ ಒಬ್ಬ ಪೋಲೀಸನಾಗಲಿ ಏಕಿರಲಿಲ್ಲ? ಅವನನ್ನು ವೀರನೆಂದು ಕೊಂಡಾಡಿ ಸುಮ್ಮನಾದರೆ ಈ ಪ್ರಶ್ನೆಗಳೆಲ್ಲ ಹೂವಿನ ಹಾರದ ಅಡಿಯಲ್ಲಿ ಮುಚ್ಚಿಹೋಗುತ್ತವೆ. ಪ್ರಾಮಾಣಿಕನಾಗಿರುವುದಕ್ಕೆ ವೀರನಾಗಿಯೂ ಇರಬೇಕೆಂದು ವಿಧಿಸುವ ಏರ್ಪಾಡು ಎಲ್ಲಿಯಾದರೂ ಬಹುಕಾಲ ನಡೆದೀತೇ?

ದೂರದ ಕಥೆಯೆಂದು ನಾವು ನಿಟ್ಟುಸಿರು ಬಿಡುವಂತಿಲ್ಲ. ಮಂಜುನಾಥನು ಲಖೀಂಪುರದಲ್ಲಿ ಎಣ್ಣೆಯ ಮಾದರಿಯನ್ನು ತೆಗೆಯುತ್ತಿದ್ದ ಅದೇ ವರುಷಗಳಲ್ಲಿ ನಮ್ಮ ಸಂಡೂರು ಹೊಸಪೇಟೆಗಳ ರಸ್ತೆಯಲ್ಲಿ ಅದಿರಿನ ಲಾರಿಗಳು ಹಗಲಿರುಳೂ ಸಾಲುಗಟ್ಟಿ ಓಡುತ್ತಿದ್ದವು. ಚೀನದ ಬೇಡಿಕೆಯಿಂದ ಬೆಲೆಯು ಏರಿತ್ತು. ಮರದ ಎಲೆಗಳೂ ಒಣಹಾಕಿದ ಬಟ್ಟೆಗಳೂ ಕೆಂಪಾಗಿದ್ದವು. ಅಲ್ಲಿಯೂ ಎಲ್ಲವೂ ನಿಂತಿದ್ದುದು ತೂಕದ ಮೇಲೆ, ಮಾದರಿಯ ಮೇಲೆ. ಸರಕಾರಕ್ಕೆ ಸಲ್ಲಬೇಕಾದ ರಾಜಧನವನ್ನು 2009ರವರೆಗೆ ಅದಿರಿನ ದರ್ಜೆಯನ್ನು ನೋಡಿ ಟನ್ನಿಗೆ ಇಷ್ಟೆಂದು ನಿಗದಿಮಾಡುತ್ತಿದ್ದರು. ಬೆಲೆಯು ಎಷ್ಟೇ ಏರಿದರೂ ಅದು ಏರುತ್ತಿರಲಿಲ್ಲ. ಲಾರಿಯಲ್ಲಿ ಪರ್ಮಿಟ್ಟಿಗಿಂತ ಹೆಚ್ಚು ತುಂಬಿದರೆ, ಮೇಲ್ದರ್ಜೆಯನ್ನು ಕೆಳದರ್ಜೆಯೆಂದು ಬರೆದರೆ, ಉಳಿದದ್ದೆಲ್ಲ ಕಿಸೆಗೆ. ತೂಕದ ಸೇತುವೆಯ ಬಳಿ ಚೀಟಿ ಬರೆಯುವ ಗುಮಾಸ್ತನ ಕೈಯಲ್ಲಿಯೂ ಲಖೀಂಪುರದ ಮೊಹರಿನಷ್ಟೇ ಭಾರವಿತ್ತು.

ಆದರೆ ಇಲ್ಲಿ ಒಂದು ವ್ಯತ್ಯಾಸವಾಯಿತು. ಅರಣ್ಯಾಧಿಕಾರಿ ಯು. ವಿ. ಸಿಂಗ್ ಅವರು ಲೋಕಾಯುಕ್ತದ ಪರವಾಗಿ ತನಿಖೆಯನ್ನು ನಡೆಸಿದಾಗ ಅವರ ಬೆನ್ನ ಹಿಂದೆ ಒಂದು ಸಂಸ್ಥೆ ಇತ್ತು. ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರ ವರದಿಯು 2011ರ ಜುಲೈ 27ರಂದು ಸಲ್ಲಿತು; ಸಮಾಜ ಪರಿವರ್ತನ ಸಮುದಾಯದವರು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಎರಡು ದಿನಗಳ ತರುವಾಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಅನೇಕ ಲಾರಿಯವರೂ ಕೂಲಿಯವರೂ ಒಲೆ ಹಚ್ಚಲಾರದೆ ಕಷ್ಟಪಟ್ಟದ್ದನ್ನು ಮರೆಯಬಾರದು. ತಪ್ಪು ಮಾಡಿದವನ ದಂಡವನ್ನು ತಪ್ಪು ಮಾಡದವನೂ ತೆತ್ತನು. ಗಣಿಗಳು ಹಂತಹಂತವಾಗಿ ಮತ್ತೆ ತೆರೆದಾಗ, ಅದಿರನ್ನು ಮೇಲ್ವಿಚಾರಣಾ ಸಮಿತಿಯ ಮೂಲಕ ಇ-ಹರಾಜಿನಲ್ಲಿಯೇ ಮಾರಬೇಕೆಂಬ ಕಟ್ಟಳೆ ಬಂದಿತು. 2022ರ ಮೇ ತಿಂಗಳಿನಲ್ಲಿ ನ್ಯಾಯಾಲಯವು ಅದನ್ನು ಸಡಿಲಿಸುವವರೆಗೂ ನಮ್ಮ ಕಡೆಯ ಅದಿರಿನ ವ್ಯಾಪಾರವು ಹತ್ತು ವರುಷ ಹಾಗೆಯೇ ನಡೆಯಿತು. ಕಣ್ಣುಗಳು ಹಲವಿದ್ದಲ್ಲಿ ಒಬ್ಬನೇ ಎದೆಯೊಡ್ಡಬೇಕಾಗುವುದಿಲ್ಲ.

ದೇಶದ ಕಾನೂನು ಮಾತ್ರ ನಿಧಾನವಾಗಿ ಹೆಜ್ಜೆ ಹಾಕಿತು. ಮಂಜುನಾಥನಿಗಿಂತ ಎರಡು ವರುಷ ಮೊದಲೇ, 2003ರ ನವೆಂಬರಿನಲ್ಲಿ, ಹೆದ್ದಾರಿಯ ಕಾಮಗಾರಿಯಲ್ಲಿನ ಅವ್ಯವಹಾರವನ್ನು ಪ್ರಧಾನಮಂತ್ರಿಗಳಿಗೆ ಬರೆದು ತಿಳಿಸಿದ್ದ ಇಂಜನಿಯರ್ ಸತ್ಯೇಂದ್ರ ದುಬೆಯವರು ಗಯಾದಲ್ಲಿ ಕೊಲೆಯಾಗಿದ್ದರು. 2011ರ ಜನವರಿಯಲ್ಲಿ ಮಹಾರಾಷ್ಟ್ರದ ಮನಮಾಡದ ಬಳಿ ಎಣ್ಣೆಕಳ್ಳರು ಯಶವಂತ ಸೋನಾವಣೆ ಎಂಬ ಅಪರ ಜಿಲ್ಲಾಧಿಕಾರಿಯನ್ನು ಹಾಡಹಗಲೇ ಸುಟ್ಟುಕೊಂದರು. ಅಕ್ರಮವನ್ನು ಬಯಲಿಗೆ ತರುವವರಿಗೆ ರಕ್ಷಣೆ ನೀಡುವ ಶಾಸನಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದುದು 2014ರ ಮೇ ತಿಂಗಳಿನಲ್ಲಿ. ಮಂಜುನಾಥನ ಜೀವನವನ್ನು ಕುರಿತ ಹಿಂದೀ ಚಲಚ್ಚಿತ್ರವು ತೆರೆಗೆ ಬಂದುದೂ ಅದೇ ತಿಂಗಳು. ಚಿತ್ರವು ಬಂದುಹೋಯಿತು, ಶಾಸನವನ್ನು ಜಾರಿಗೆ ತರುವ ದಿನವನ್ನು ಗೊತ್ತುಪಡಿಸದೆಯೇ ಸರಕಾರಗಳು ವರುಷಗಟ್ಟಲೆ ಕಳೆದವು.

ಪಡಿತರದ ಸೀಮೆಎಣ್ಣೆಯು ಈಗ ನಮ್ಮ ಮನೆಗಳಿಂದ ಬಹುಮಟ್ಟಿಗೆ ಮರೆಯಾಗಿದೆ; ಗ್ಯಾಸಿನ ಒಲೆ ಬಂದಿದೆ. ಆದರೆ ಮನೆಗೊಂದು ವಾಹನವಿದೆ. ಮಂಜುನಾಥನು ಮಾಡುತ್ತಿದ್ದ ತಪಾಸಣೆಯಲ್ಲಿ ಒಂದು ಚಿಕ್ಕ ಪಾಲನ್ನು ಗಿರಾಕಿಯೂ ಮಾಡಬಹುದೆಂಬುದು ನಮ್ಮಲ್ಲಿ ಹಲವರಿಗೆ ತಿಳಿಯದು. ಪ್ರತಿಯೊಂದು ಬಂಕಿನಲ್ಲಿಯೂ ಸೋಸುಕಾಗದ, ಸಾಂದ್ರತೆಯನ್ನು ನೋಡುವ ಹೈಡ್ರೋಮೀಟರು, ಐದು ಲೀಟರಿನ ಮುದ್ರೆಯೊತ್ತಿದ ಅಳತೆಯ ಪಾತ್ರೆ ಇವುಗಳನ್ನು ಇಟ್ಟಿರಲೇಬೇಕು. ಗಿರಾಕಿಯು ಕೇಳಿದರೆ ಕೊಡಲೇಬೇಕು. ಅಂದಿನ ಸಾಂದ್ರತೆಯನ್ನು ಅಲ್ಲಿ ಬರೆದಿರುತ್ತಾರೆ. ಪರೀಕ್ಷಿಸಿ, 15 ಡಿಗ್ರಿಯ ಉಷ್ಣಮಾನಕ್ಕೆ ಪರಿವರ್ತಿಸಿದಾಗ ದಾಖಲೆಗೂ ಅದಕ್ಕೂ ಮೂರು ಅಂಕಕ್ಕಿಂತ ಹೆಚ್ಚಿನ ಅಂತರವಿದ್ದರೆ ಸಂಶಯಕ್ಕೆ ಕಾರಣವುಂಟು. ಇಷ್ಟೆಲ್ಲ ಗೊಡವೆ ಬೇಡವೆನ್ನುವವರು ಪೆಟ್ರೋಲಿಗೆ ಸೋಸುಕಾಗದವನ್ನಾದರೂ ಕೇಳಿ ನೋಡಬಹುದು. ಡೀಸೆಲಿಗೆ ಈ ಪರೀಕ್ಷೆ ನಡೆಯದು. ಕೊಳವೆಯ ಬಾಯನ್ನು ಚೆನ್ನಾಗಿ ಒರೆಸಿ, ಕಾಗದದ ಮೇಲೆ ಒಂದೇ ಹನಿಯನ್ನು ಬೀಳಿಸಬೇಕು. ಎರಡು ನಿಮಿಷಗಳಲ್ಲಿ ಹನಿಯು ಆರಿಹೋಗುತ್ತದೆ. ಆರಿದಲ್ಲಿ ನಸುಗೆಂಪು ಛಾಯೆ ಕಂಡರೆ ಭಯವಿಲ್ಲ, ಅದು ಪೆಟ್ರೋಲಿಗೆ ಹಾಕಿದ ಬಣ್ಣ. ಎಣ್ಣೆಯ ಕಲೆ ಉಳಿದರೆ ಅಲ್ಲಿಯೇ ಇರುವ ದೂರಿನ ಪುಸ್ತಕವನ್ನು ಕೇಳಿ ಬರೆಯಬೇಕು. ಸಾಧ್ಯವಾದರೆ ಜೊತೆಗೆ ಇನ್ನೊಬ್ಬರ ಸಹಿಯನ್ನೂ ಹಾಕಿಸಬೇಕು.